ನಿಮ್ಮ ‘ಡ್ರೂಯಿಡ್ ಪೆನ್ನಿ’ ಲೇಖನ ಕುರಿತು

ಪ್ರಿಯರೇ,

ನಮಸ್ಕಾರ. ಬ್ರಿಟನ್ನಿನ ಕಂಪನಿಗಳು ನಾಣ್ಯದ ಬದಲಿಗೆ ಹೊರಡಿಸಿದ ತಾಮ್ರದ ಖಾಸಗಿ ಬಿಲ್ಲೆಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಚೆನ್ನಾಗಿದೆ, ಇಸವಿಗಳು ಸರಿಯಿವೆ. ಈಗ ಜಗಳಕ್ಕೆ ಬರುತ್ತೇನೆ.

ಎರಡನೇ ಪುಟದಲ್ಲಿ ಬರೆದಿದ್ದೀರಿ: “1775ರ ನಂತರ ಟಂಕಸಾಲೆ ತಾಮ್ರದ ನಾಣ್ಯ ಹಾಕುವುದನ್ನು ನಿಲ್ಲಿಸಿತು. ಚಿಲ್ಲರೆಯಿಲ್ಲದೆ ಜನ ಪರದಾಡಿದರು.” ಯಾವ ಜನ, ಸ್ವಾಮಿ? ಬಟವಾಡೆಯ ದಿನ ಗುಮಾಸ್ತನ ಹತ್ತಿರ ಬಿಡಿ ಕಾಸಿಲ್ಲ. ನಾಲ್ಕಾರು ಕೂಲಿಗಳಿಗೆ ಸೇರಿಸಿ ಒಂದೇ ದೊಡ್ಡ ನಾಣ್ಯ ಕೊಡುತ್ತಾನೆ. ಅದನ್ನು ಮುರಿಸಲು ಹೆಂಡದಂಗಡಿಗೆ ಹೋಗಬೇಕು; ಕುಡಿಯದೆ ಬರಿಗೈಲಿ ನಿಂತರೆ ಅಂಗಡಿಯವನು ಮುರಿದುಕೊಡುತ್ತಾನೆಯೇ? ಕೊಟ್ಟರೂ ಅದರಲ್ಲಿ ಖೋಟಾ ಕಾಸೇ ಹೆಚ್ಚು. ಇಷ್ಟನ್ನೂ ಒಂದು ‘ಪರದಾಡಿದರು’ ನುಂಗಿಹಾಕಿದೆ.

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಹಿರಿಯರೊಬ್ಬರಿದ್ದರು. ಕರಡಿನಲ್ಲಿ ‘ಜನ’ ಕಂಡರೆ ಸಾಕು, ಪಕ್ಕದಲ್ಲಿ ಕೆಂಪು ಪೆನ್ಸಿಲಿನಿಂದ “ಯಾರು? ಎಷ್ಟು ಕಾಸು?” ಎಂದು ಗೀಚುವರು. ಚಿಲ್ಲರೆ ಅಭಾವದ ವರದಿಗೆ ನನ್ನನ್ನು ಬಸ್ ಸ್ಟ್ಯಾಂಡಿಗೆ ಅಟ್ಟಿದರು. ಟಿಕೆಟ್ಟಿನ ಹಿಂದೆ ಕಂಡಕ್ಟರ್ ಬರೆದುಕೊಟ್ಟ ಬಾಕಿ, ಇಳಿಯುವಾಗ ಅದನ್ನು ಕೇಳಲು ಮರೆತ ಮುದುಕಿ, ಇಬ್ಬರಿಗೂ ಸೇರಿಸಿ ಒಂದೇ ನೋಟು ಕೊಟ್ಟದ್ದಕ್ಕೆ ಕಿತ್ತಾಡಿದ ಅಪರಿಚಿತರು. ಇವಿಷ್ಟನ್ನು ತಂದ ಮೇಲೆಯೇ ಅವರು ವರದಿಗೆ ತಲೆಬರಹ ಕೊಟ್ಟದ್ದು.

ಇನ್ನು ನಿಮ್ಮ ಮುಂದಿನ ಸಾಲು: “ಕಾರ್ಮಿಕರ ಕಷ್ಟಕ್ಕೆ ಮರುಗಿ ಆಂಗ್ಲೆಸೀ ದ್ವೀಪದ ಪ್ಯಾರಿಸ್ ಬೆಟ್ಟದ ತಾಮ್ರದ ಗಣಿ ಕಂಪನಿ 1787ರಲ್ಲಿ ಬಿಲ್ಲೆ ಹೊರಡಿಸಿತು.” ಮರುಗಿದ್ದು ಯಾರು? ಆ ಕಂಪನಿಯನ್ನು ನಡೆಸುತ್ತಿದ್ದ, ದೇಶದ ತಾಮ್ರದ ವ್ಯಾಪಾರವನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ಥಾಮಸ್ ವಿಲಿಯಮ್ಸನೇ? ತನ್ನ ಬೆಟ್ಟದ ತಾಮ್ರವನ್ನೇ ಕೂಲಿಗೆ ಎಣಿಸಿಕೊಟ್ಟ, ಸರಕೂ ಖರ್ಚಾಯಿತು. ಸರ್ಕಾರಿ ನಾಣ್ಯದ ಗುತ್ತಿಗೆಯ ಮೇಲೂ ಅವನ ಕಣ್ಣಿತ್ತು. ಹಾಗೆಂದು ಅವನ ಪೆನ್ನಿ ಮೋಸದ್ದಲ್ಲ, ಹೆಚ್ಚುಕಡಿಮೆ ಒಂದು ಔನ್ಸ್ ತೂಗುತ್ತಿತ್ತು. ಲಾಭಕೋರ ಒಳ್ಳೆಯ ಕಾಸು ಕೊಟ್ಟ ಎಂಬುದೇ ನಿಮ್ಮ ಕಥೆ. ಕರುಣೆಯನ್ನು ಬೆರೆಸಿ ಅದನ್ನು ನೀರು ಮಾಡಬೇಡಿ.

ಬಿಲ್ಲೆಯ ಒಂದು ಮುಖದಲ್ಲಿರುವ ಡ್ರೂಯಿಡ್‌ನ, ಅಂದರೆ ಪ್ರಾಚೀನ ಬ್ರಿಟನ್ನಿನ ಪುರೋಹಿತನ ಗಡ್ಡಕ್ಕೆ ಒಂದಿಡೀ ಪ್ಯಾರಾ ಕೊಟ್ಟಿದ್ದೀರಿ. ಬಿಲ್ಲೆಯನ್ನು ಮಗುಚಿ ನೋಡಿ: ತಂದವರಿಗೆ ಒಂದು ಪೆನ್ನಿ ಕೊಡುವ ಮಾತು ಅಲ್ಲಿದೆ. ಎಲ್ಲಿ ಕೊಡುತ್ತಾರೆ ಎಂಬುದು ಅಂಚಿನಲ್ಲಿದೆ: ಲಂಡನ್, ಲಿವರ್‌ಪೂಲ್, ಆಂಗ್ಲೆಸೀ. ಆ ಮೂರೂ ಊರಿಗೆ ಹೋಗಲಾಗದ ರೊಟ್ಟಿ ಮಾರುವವಳು ಅದನ್ನು ಯಾವ ಧೈರ್ಯದ ಮೇಲೆ ತೆಗೆದುಕೊಂಡಳು? ಗಡ್ಡ ತೆಗೆದು ಆ ಜಾಗದಲ್ಲಿ ಅವಳನ್ನು ಕೂರಿಸಿ. ಕೊನೆಗೆ ಸರ್ಕಾರಿ ಗುತ್ತಿಗೆ ಪಡೆದ ಬರ್ಮಿಂಗ್‌ಹ್ಯಾಮಿನ ಉದ್ಯಮಿ ಬೋಲ್ಟನ್ನನ 1797ರ ಪೆನ್ನಿಯ ಭಾಗ ಹಾಗೇ ಇರಲಿ. ಹತ್ತನೇ ತಾರೀಕಿನೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಹಾಕುತ್ತೇನೆ.

ಸಂಪಾದಕ