ಓದುಗರ ಪ್ರಶ್ನೆ: ಹಿಮದ ಗುಡ್ಡದಲ್ಲಿ ಸಣ್ಣ ವಿಮಾನ

ಪ್ರಶ್ನೆ: ನಮ್ಮೂರ ಮ್ಯಾಲೆ ದಿನಾ ತರಬೇತಿ ವಿಮಾನ ಹಾರತಾವ್ರಿ. ಹಿಮದ ಗುಡ್ಡದಾಗ ಇಂಥಾ ಸಣ್ಣ ವಿಮಾನ ಬಿದ್ದಾಗ ‘ಐಸ್ ಹಿಡಿದಿತ್ತು’ ಅಂತಾರಲ್ಲ, ಅಷ್ಟು ಭಾರ ಆಗತೈತೇನ್ರಿ?
– ಸಾಂಬ್ರಾದ ಓದುಗರು, ಬೆಳಗಾವಿ

ಉತ್ತರ: ಭಾರ ಏರುವುದು ನಿಜ. ಆದರೆ ಅದಕ್ಕಿಂತ ಮೊದಲೇ ರೆಕ್ಕೆಯ ಆಕಾರ ಕೆಟ್ಟಿರುತ್ತದೆ. ರೆಕ್ಕೆಯ ಮುಂದಿನ ಅಂಚಿಗೆ ಒರಟು ಉಪ್ಪುಕಾಗದದಷ್ಟು ಐಸ್ ಅಂಟಿದರೂ ಮೇಲೆತ್ತುವ ಬಲ ಶೇ. 30ರಷ್ಟು ಇಳಿದು, ಗಾಳಿಯ ಎಳೆತ ಶೇ. 40ರಷ್ಟು ಏರಬಹುದು.

ಮೋಡದ ಹನಿಗಳು ಸೊನ್ನೆ ಡಿಗ್ರಿಗಿಂತ ಕೆಳಗೂ ನೀರಾಗಿಯೇ ಇರುತ್ತವೆ. ಲೋಹ ತಾಗಿದ್ದೇ ತಡ ಗಟ್ಟಿಯಾಗುತ್ತವೆ. ದೊಡ್ಡ ಹನಿ ಹರಡಿಕೊಂಡು ಗಾಜಿನಂಥ ಪದರವಾದರೆ ಕಣ್ಣಿಗೆ ಕಾಣುವುದೇ ಕಷ್ಟ, ಕೆರೆದರೂ ಬಿಡುವುದಿಲ್ಲ. ತೆಳು ವಸ್ತುಗಳಿಗೆ ಐಸ್ ಬೇಗ ಹಿಡಿಯುತ್ತದೆ. ಹಾಗಾಗಿ ಗಾಜಿನಾಚೆ ಚಾಚಿರುವ ಥರ್ಮಾಮೀಟರ್ ಕಡ್ಡಿಯ ಮೇಲೆ ಕಣ್ಣಿಡಬೇಕು. ಬಾಲದ ರೆಕ್ಕೆಯೂ ತೆಳು, ಅದಂತೂ ಪೈಲಟ್‌ಗೆ ಕಾಣುವುದಿಲ್ಲ. ಅಲ್ಲಿ ಐಸ್ ಕೂತಿರುವಾಗ ಇಳಿಯಲು ರೆಕ್ಕೆಯ ಹಿಂದಂಚಿನ ಫ್ಲಾಪ್ ಎಂಬ ಪಟ್ಟಿಯನ್ನು ಪೂರ್ತಿ ಕೆಳಗೆ ಬಿಟ್ಟರೆ ಮೂತಿ ತಟ್ಟನೆ ಕೆಳಗೆ ಬೀಳಬಹುದು.

ಇನ್ನೊಂದು ಮೋಸ ಪೀಟೋ ಕೊಳವೆಯದು. ವೇಗ ಅಳೆಯುವ ಈ ಕೊಳವೆಯ ಬಾಯಿ, ನೀರು ಬಸಿಯುವ ತೂತು ಎರಡೂ ಮುಚ್ಚಿದರೆ, ವಿಮಾನ ಏರಿದಂತೆಲ್ಲ ಮುಳ್ಳು ವೇಗ ಹೆಚ್ಚುತ್ತಿದೆ ಎನ್ನುತ್ತದೆ. ಅದನ್ನು ನಂಬಿದ ಪೈಲಟ್ ಮೂತಿ ಇನ್ನಷ್ಟು ಎತ್ತುತ್ತಾನೆ, ವಿಮಾನ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಮೇಲೆತ್ತುವ ಬಲ ಕಳೆದುಕೊಳ್ಳುತ್ತದೆ. ಕೊಳವೆಯನ್ನು ಬಿಸಿಯಾಗಿಡುವ ಪೀಟೋ ಹೀಟ್ ಸ್ವಿಚ್ ಅನ್ನು ಮೋಡ ಹೊಗುವ ಮುಂಚೆಯೇ ಹಾಕಿರಬೇಕು.

ಮೊದಲ ಐಸ್ ಕಂಡೊಡನೆ ಬಂದ ದಾರಿಗೇ ಹಿಂತಿರುಗಬೇಕು. ಬಯಲಿನ ಮೇಲಾದರೆ ಕೆಳಗಿನ ಬೆಚ್ಚನೆ ಗಾಳಿಗಾದರೂ ಇಳಿಯಬಹುದು, ಗುಡ್ಡದ ನಡುವೆ ಆ ದಾರಿಯೂ ಇಲ್ಲ. ಕಣಿವೆಯಲ್ಲಿ ನಟ್ಟನಡುವೆ ಹಾರದೆ ಒಂದು ಮಗ್ಗುಲು ಹಿಡಿದು ಹಾರುವುದು ಇದಕ್ಕೇ, ತಿರುಗಲು ಪೂರ್ತಿ ಅಗಲ ಸಿಗುತ್ತದೆ.

ಪ್ರಶ್ನೆ: ಚಳಿಗೆ ಎಂಜಿನ್ನೂ ಬಂದ್ ಬೀಳುತ್ತದೆಯೇ?
– ಗ್ಯಾರೇಜ್ ಮೆಕ್ಯಾನಿಕ್, ಇಳಕಲ್, ಬಾಗಲಕೋಟೆ ಜಿಲ್ಲೆ

ಉತ್ತರ: ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇರುವ ಎಂಜಿನ್ ನಿಲ್ಲಬಹುದು, ಅದಕ್ಕೆ ಹಿಮವೇ ಬೇಕೆಂದಿಲ್ಲ. ಪೆಟ್ರೋಲ್ ಆವಿಯಾಗುವುದರಿಂದಲೂ ವೆಂಚುರಿ ಎಂಬ ಅದರ ಕಿರಿದಾದ ಕೊರಳಲ್ಲಿ ಒತ್ತಡ ಇಳಿಯುವುದರಿಂದಲೂ ಒಳಗಿನ ಗಾಳಿ 20 ಡಿಗ್ರಿಗೂ ಹೆಚ್ಚು ತಣ್ಣಗಾಗಬಲ್ಲದು. ಆಗ ಗಾಳಿಯ ತೇವಾಂಶ ಅಲ್ಲೇ ಐಸಾಗಿ ದಾರಿ ಕಟ್ಟುತ್ತದೆ. ಬೆಳಗಾವಿಯ ಜುಲೈ ಜಿಟಿಜಿಟಿ ಮಳೆಯ ತೇವಾಂಶವೂ ಇದಕ್ಕೆ ಸಾಕು. ಆರ್‌ಪಿಎಂ ಸದ್ದಿಲ್ಲದೆ ಇಳಿಯತೊಡಗಿದರೆ ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಬಿಡುವ ಕಾರ್ಬ್ ಹೀಟ್ ಪೂರ್ತಿ ಎಳೆಯಬೇಕು. ಆಗ ಆರ್‌ಪಿಎಂ ಇನ್ನೂ ಇಳಿಯುತ್ತದೆ, ಕರಗಿದ ನೀರು ನುಂಗಿ ಎಂಜಿನ್ ಗಡಗಡ ಅನ್ನುತ್ತದೆ. ಹೆದರಿ ಹೀಟ್ ತೆಗೆದವರು ಕೆಟ್ಟರು. ತುಸು ಹೊತ್ತು ತಡೆದರೆ ಆರ್‌ಪಿಎಂ ತಾನಾಗಿ ಏರುತ್ತದೆ. ಇಳಿಯಲು ಥ್ರಾಟಲ್ ತಗ್ಗಿಸುವ ಮುನ್ನ ಹೀಟ್ ಹಾಕಿಕೊಳ್ಳುವುದನ್ನು ಮರೆಯಬಾರದು.

ಪ್ರಶ್ನೆ: ಬಿದ್ದ ಮೇಲೆ ಬದುಕುಳಿದವರು ನಡೆದು ಹೊರಡಬೇಕೋ, ಅಲ್ಲೇ ಇರಬೇಕೋ?
– ಎನ್‌ಸಿಸಿ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಅಲ್ಲೇ ಇರಬೇಕು. ಮೇಲಿಂದ ಹುಡುಕುವವರಿಗೆ ಮನುಷ್ಯನಿಗಿಂತ ವಿಮಾನ ಬೇಗ ಕಾಣುತ್ತದೆ. ಮೊದಲು ಎಲ್ಲರೂ ದೂರ ಸರಿದು, ಇಂಧನದ ವಾಸನೆ ಆರಿದ ಮೇಲೆ ಗಾಳಿಮರೆಗೆ ಮರಳಬೇಕು. ಬಾಲದ ಹತ್ತಿರವಿರುವ ಇಎಲ್‌ಟಿ (ಬಿದ್ದ ಜಾಗ ತಿಳಿಸುವ ತುರ್ತು ರೇಡಿಯೊ) ಪೆಟ್ಟಿಗೆ ಅಪ್ಪಳಿಸಿದ ಹೊಡೆತಕ್ಕೆ ತಾನೇ ಚಾಲೂ ಆಗಿ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗುತ್ತದೆ. ಭಾರತದಲ್ಲಿ ಆ ಕೂಗು ಬಂದು ಮುಟ್ಟುವುದು ಬೆಂಗಳೂರಿನಲ್ಲಿರುವ ಇಸ್ರೋದ ಇಸ್ಟ್ರಾಕ್ ಕೇಂದ್ರಕ್ಕೆ. ಎಷ್ಟೋ ಸಲ ಪೆಟ್ಟಿಗೆ ಉಳಿದಿದ್ದರೂ ಆಂಟೆನಾ ತಂತಿ ಕಿತ್ತು ಹೋಗಿರುತ್ತದೆ, ಅದನ್ನು ನೋಡಿ, ಸ್ವಿಚ್ ಕೈಯಿಂದಲೇ ‘ಆನ್’ಗೆ ತಳ್ಳಬೇಕು. 121.5 ಮೆಗಾಹರ್ಟ್ಸ್ ಮಾತ್ರ ಇರುವ ಹಳೆ ಪೆಟ್ಟಿಗೆಯನ್ನು ಉಪಗ್ರಹಗಳು 2009ರ ಫೆಬ್ರುವರಿಯಿಂದ ಕೇಳುತ್ತಿಲ್ಲ.

ಹೊದಿಯುವುದಕ್ಕಿಂತ ಮುಂಚೆ ಹಾಸಿಕೊಳ್ಳಬೇಕು. ನೆಲ ಮೈಯ ಬಿಸಿಯನ್ನೆಲ್ಲ ಹೀರುತ್ತದೆ, ಸೀಟಿನ ಮೆತ್ತೆ ಕಿತ್ತು ಕೆಳಗೆ ಹಾಕಿ. ಹಿಮ ತಿನ್ನಬೇಡಿ, ಅದನ್ನು ಕರಗಿಸಲು ಮೈಯ ಶಾಖವೇ ಖರ್ಚಾಗುತ್ತದೆ, ಕರಗಿಸಿ ಕುಡಿಯಿರಿ. ಹಿಮದ ಮೇಲೆ ಕೊಂಬೆ, ಬಟ್ಟೆ ಹಾಸಿ ದೊಡ್ಡದಾಗಿ ‘ವಿ’ ಬರೆದರೆ ನೆರವು ಬೇಕೆಂದು, ‘ಎಕ್ಸ್’ ಬರೆದರೆ ವೈದ್ಯರು ಬೇಕೆಂದು ಮೇಲಿನ ಪೈಲಟ್ ಓದಿಕೊಳ್ಳುತ್ತಾನೆ.