ಫೋಟೋದಲ್ಲಿ ಬರೀ ತಾಳೆಮರಗಳೇ ಇದ್ದರೆ

ಓದುಗರ ಪತ್ರ: ನಾವು ಮಿಶಿಗನ್‌ನಲ್ಲಿದ್ದೇವೆ. ಮಗಳಿಗೆ ಫ್ಲೋರಿಡಾದ ಯೂನಿವರ್ಸಿಟಿ ಆಫ್ ಮಿಯಾಮಿಯಲ್ಲಿ ಸೀಟು ಸಿಕ್ಕಿದೆ. ಸಮುದ್ರ ವಿಜ್ಞಾನ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅಲ್ಲಿ ಮಕ್ಕಳನ್ನು ಓದಿಸಿದ ಅಪ್ಪ-ಅಮ್ಮಂದಿರನ್ನು ವಿಚಾರಿಸಿದೆವು. ಒಬ್ಬರು ‘ಸ್ವರ್ಗ, ಕಣ್ಮುಚ್ಚಿ ಕಳಿಸಿ’ ಅಂದರು. ಇನ್ನೊಬ್ಬರು ‘ಬೀಚು, ಪಾರ್ಟಿ, ಕಾರು ಅಂತ ಮಗು ಕೈತಪ್ಪಿ ಹೋಗುತ್ತೆ’ ಅಂದರು. ಬಿರುಗಾಳಿಯ ಭಯ ಬೇರೆ. ಖರ್ಚು ನೋಡಿದರೆ ಎದೆ ಧಸಕ್ ಅನ್ನುತ್ತದೆ. ಯಾರ ಮಾತು ನಂಬುವುದು?
ಒಬ್ಬ ತಾಯಿ, ಮಿಶಿಗನ್

ಸಂಪಾದಕರ ಉತ್ತರ:

ಅವರು ನಿಮಗೆ ಇದನ್ನೆಲ್ಲ ಯಾವ ತಿಂಗಳಲ್ಲಿ ಹೇಳಿದರು? ನಾನಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ.

ಆಗಸ್ಟ್‌ನಲ್ಲಿ ಮಗುವನ್ನು ಹಾಸ್ಟೆಲಿಗೆ ಬಿಟ್ಟು ಬಂದವರಿಗೆ ಆ ಜಾಗ ಸ್ವರ್ಗವೇ. ನಡುವೆ ದೊಡ್ಡ ಕೆರೆ, ಕೆರೆಯಲ್ಲಿ ಕಾರಂಜಿ, ಸುತ್ತ ತಾಳೆಮರ. ನಗುನಗುತ್ತಾ ಸೂಟ್‌ಕೇಸ್ ಎತ್ತಿಕೊಡುವ ಹಿರಿಯ ವಿದ್ಯಾರ್ಥಿಗಳು. ಅಕ್ಟೋಬರ್ ಬರುವ ಹೊತ್ತಿಗೆ ಮೊದಲ ಮಿಡ್‌ಟರ್ಮ್ ಮಾರ್ಕ್ಸು, ರೂಂಮೇಟ್ ಜೊತೆ ಮುನಿಸು, ಟಿವಿಯಲ್ಲಿ ಬಿರುಗಾಳಿಯ ನಕ್ಷೆ ಎಲ್ಲಾ ಒಟ್ಟಿಗೇ ಬಂದಿರುತ್ತದೆ. ಆಗ ಅದೇ ಅಪ್ಪ-ಅಮ್ಮ ಬೇರೆ ಮಾತಾಡುತ್ತಾರೆ. ಎರಡು ಸಲವೂ ಅವರು ಹೇಳುವುದು ನಿಜವೇ. ಆದರೆ ನನಗೆ ಜಾಸ್ತಿ ನಂಬಿಕೆ ಇರುವುದು ಎರಡನೇ ವರ್ಷ ಮುಗಿಸಿದ ಮಕ್ಕಳ ಮನೆಯವರ ಮೇಲೆ. ಆ ಹೊತ್ತಿಗೆ ಹೊಸದರ ಬೆರಗು ಇಳಿದಿರುತ್ತದೆ, ಆದ ನೋವೂ ಮಾಗಿರುತ್ತದೆ. ಅಂಥವರನ್ನು ಒಬ್ಬರನ್ನಾದರೂ ಹುಡುಕಿ ಮಾತಾಡಿಸಿ.

ಬೀಚಿನ ಭಯವನ್ನು ಮಾತ್ರ ಬಿಟ್ಟುಬಿಡಿ. ಹೆಸರು ಮಿಯಾಮಿ ಅಂತಿದ್ದರೂ ಕ್ಯಾಂಪಸ್ ಇರುವುದು ಕೋರಲ್ ಗೇಬಲ್ಸ್ ಅನ್ನುವ ಪಕ್ಕದ ಊರಿನಲ್ಲಿ. ಅಲ್ಲಿಂದ ಸೌತ್ ಬೀಚಿಗೆ 10 ಮೈಲಿಗೂ ಜಾಸ್ತಿ. ಕಾರಿಲ್ಲದ ಹುಡುಗಿ ಕ್ಯಾಂಪಸ್ ಎದುರಿನ ಯೂನಿವರ್ಸಿಟಿ ಸ್ಟೇಷನ್‌ನಲ್ಲಿ ಮೆಟ್ರೋರೈಲ್ ಹತ್ತಿ, ಇಳಿದು, ಆಮೇಲೆ ಬಸ್ ಹಿಡಿದು ಹೋಗಬೇಕು. ವಾರದ ನಡುವೆ ಕೆಮಿಸ್ಟ್ರಿ ಲ್ಯಾಬ್ ಇಟ್ಟುಕೊಂಡು ಇಷ್ಟೆಲ್ಲಾ ಯಾರೂ ಮಾಡುವುದಿಲ್ಲ. ಫುಟ್‌ಬಾಲ್ ಆಟವೂ ಕ್ಯಾಂಪಸ್ಸಿನಲ್ಲಿ ನಡೆಯುವುದಿಲ್ಲ. ಹಾರ್ಡ್ ರಾಕ್ ಸ್ಟೇಡಿಯಂ ಇರುವುದು ಮಿಯಾಮಿ ಗಾರ್ಡನ್ಸ್‌ನಲ್ಲಿ, ಸುಮಾರು 20 ಮೈಲಿ ದೂರ.

ಇನ್ನು ಪಾರ್ಟಿ. ಅಮೆರಿಕದಲ್ಲಿ ಕುಡಿಯುವ ವಯಸ್ಸು 21. 1984ರ ಕಾನೂನು ಬಂದ ಮೇಲೆ ಒಂದೊಂದಾಗಿ ಎಲ್ಲ ರಾಜ್ಯಗಳೂ ಅದಕ್ಕೇ ಬಂದವು. ಹಾಗಂತ 18ರ ಮಕ್ಕಳ ಕೈಗೆ ಮದ್ಯ ಸಿಗುವುದಿಲ್ಲ ಅಂತ ನಾನು ಹೇಳಿದರೆ ನೀವೂ ನಂಬುವುದಿಲ್ಲ. ಚಳಿಯ ಊರಿನಲ್ಲೂ ಸಿಗುತ್ತದೆ, ಅಲ್ವಾ? ನನಗೆ ಅದಕ್ಕಿಂತ ಹೆಚ್ಚು ಯೋಚನೆ ಆಗುವುದು ಹೊಸಬರನ್ನು ವಿದ್ಯಾರ್ಥಿಗಳ ಗುಂಪುಗಳಿಗೆ ಸೇರಿಸಿಕೊಳ್ಳುವ ನೆಪದಲ್ಲಿ ನಡೆಯುವ ಹಿಂಸೆಯದ್ದು. 2001ರ ನವೆಂಬರ್‌ನಲ್ಲಿ ಇದೇ ಕ್ಯಾಂಪಸ್ಸಿನ ಆಸಿಯೋಲಾ ಕೆರೆಯಲ್ಲಿ ಒಬ್ಬ ಹೊಸ ವಿದ್ಯಾರ್ಥಿ ಮುಳುಗಿ ತೀರಿಕೊಂಡ. ಫ್ರಟರ್ನಿಟಿ, ಅಂದರೆ ಹುಡುಗರ ಸಂಘ, ಒಂದರ ಹಿರಿಯರ ಜೊತೆ ರಾತ್ರಿ ಕೆರೆ ಈಜಿ ದಾಟಲು ಹೋಗಿದ್ದ. ಆ ಮಗುವಿನ ಹೆಸರಿನಲ್ಲೇ 2005ರಲ್ಲಿ ಫ್ಲೋರಿಡಾ ಕಾನೂನು ಮಾಡಿತು. ಇಂಥ ಹಿಂಸೆಯಿಂದ ಸಾವು ಅಥವಾ ದೊಡ್ಡ ಪೆಟ್ಟು ಆದರೆ ಅದು ಗಂಭೀರ ಅಪರಾಧ. 2024ರ ಡಿಸೆಂಬರ್‌ನಲ್ಲಿ ಇಡೀ ದೇಶಕ್ಕೇ ಒಂದು ಕಾನೂನು ಬಂತು. ಯಾವ ಗುಂಪು ತಪ್ಪು ಮಾಡಿ ಸಿಕ್ಕಿಬಿದ್ದಿದೆ ಅಂತ ಕಾಲೇಜುಗಳು ಈಗ ಬಹಿರಂಗವಾಗಿ ಹೇಳಲೇಬೇಕು. ಕ್ಯಾಂಪಸ್ ಅಪರಾಧಗಳ ಲೆಕ್ಕವಂತೂ ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ಪ್ರಕಟವಾಗುತ್ತದೆ. ಇವೆರಡನ್ನೂ ಮಗಳ ಜೊತೆ ಕೂತು ಓದಿ. ಬೈಯುವುದಕ್ಕಲ್ಲ, ಸುಮ್ನೆ ಓದಿ. ಯಾವ ಗುಂಪಿನ ಬಾಗಿಲು ತಟ್ಟಬಾರದು ಅಂತ ಅವಳೇ ಹೇಳುತ್ತಾಳೆ.

ಬಿರುಗಾಳಿಯದ್ದು ನಿಜವಾದ ಭಯ. ಆ ವಿಶ್ವವಿದ್ಯಾಲಯದ ಪಾಠ ಶುರುವಾಗಿದ್ದೇ ಬಿರುಗಾಳಿಯ ಬೆನ್ನಿಗೆ. 1925ರಲ್ಲಿ ಸ್ಥಾಪನೆ ಆಯಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ದೊಡ್ಡ ಹರಿಕೇನ್ ಊರನ್ನೇ ನೆಲಕ್ಕೆ ಕೆಡವಿತು. ಆದರೂ ಅಕ್ಟೋಬರ್‌ನಲ್ಲಿ ತರಗತಿ ಶುರು ಮಾಡಿಬಿಟ್ಟರು. ಅರ್ಧಂಬರ್ಧ ಕಟ್ಟಿದ್ದ ಒಂದು ಕಟ್ಟಡದಲ್ಲಿ ತೆಳ್ಳನೆ ಗೋಡೆ ಅಡ್ಡ ಇಟ್ಟು ಪಾಠ ನಡೆಸಿದ್ದಕ್ಕೆ ‘ಕಾರ್ಡ್‌ಬೋರ್ಡ್ ಕಾಲೇಜು’ ಅನ್ನುವ ಹೆಸರೇ ಬಿತ್ತು. ಅವರ ಆಟದ ತಂಡಕ್ಕೆ ಇವತ್ತಿಗೂ ಹರಿಕೇನ್ಸ್ ಅಂತಲೇ ಹೆಸರು. ಐಬಿಸ್ ಹಕ್ಕಿ ಅವರ ಗುರುತು. ಬಿರುಗಾಳಿ ಬರುವಾಗ ಎಲ್ಲಕ್ಕಿಂತ ಕೊನೆಗೆ ಅಡಗುವುದು, ಹೋದ ಮೇಲೆ ಮೊದಲು ಹೊರಗೆ ಬರುವುದು ಆ ಹಕ್ಕಿಯೇ ಅಂತ ಅಲ್ಲಿ ಹೇಳಿಕೊಳ್ಳುತ್ತಾರೆ.

ಹರಿಕೇನ್ ಕಾಲ ಅಂದರೆ ಜೂನ್ 1ರಿಂದ ನವೆಂಬರ್ 30. ಅಂದರೆ ಮೊದಲ ಸೆಮಿಸ್ಟರ್‌ನ ಬಹುಪಾಲು. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಅನ್ನುವ ಹರಿಕೇನ್ ಬಂದಾಗ ತರಗತಿಗಳು ಎರಡು ವಾರಕ್ಕೂ ಹೆಚ್ಚು ನಿಂತವು. ಮಕ್ಕಳು ಸಿಕ್ಕ ಕಡೆ ಹೊರಟರು. ಹೆದ್ದಾರಿ ತುಂಬಾ ಕಾರು, ಬಂಕ್‌ಗಳಲ್ಲಿ ಪೆಟ್ರೋಲ್ ಇಲ್ಲ. ಮಿಯಾಮಿ ಬಿಟ್ಟು ಪಶ್ಚಿಮ ತೀರಕ್ಕೆ ಓಡಿದವರ ಕಡೆಗೇ ಗಾಳಿ ದಿಕ್ಕು ಬದಲಿಸಿ ತಿರುಗಿತು. ಹಾಗಾಗಿ ‘ಬಂದಾಗ ನೋಡೋಣ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಫ್ಲೋರಿಡಾದ ಹೊರಗೆ, ವಿಮಾನ ಇಲ್ಲದೆಯೂ ತಲುಪಬಹುದಾದ ಒಂದು ಮನೆಯನ್ನು ಆಗಸ್ಟ್‌ನಲ್ಲೇ ಮಾತಾಡಿ ಇಟ್ಟುಕೊಳ್ಳಿ. ಅಟ್ಲಾಂಟಾದಲ್ಲಿ ನೆಂಟರಿದ್ದರೆ ಒಳ್ಳೆಯದು. ಯಾರ ಕಾರಿನಲ್ಲಿ ಹೋಗುತ್ತಾಳೆ ಅನ್ನುವುದೂ ಮೊದಲೇ ತೀರ್ಮಾನವಾಗಿರಲಿ. ಇಷ್ಟು ಮಾಡಿದ ಮನೆಯವರು ಎಚ್ಚರಿಕೆ ಬಂದಾಗ ಫೋನ್ ಮಾಡುತ್ತಾರೆ. ಮಾಡದವರು ಅಳುತ್ತಾರೆ.

ಈಗ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತಿಗೆ ಬರುತ್ತೇನೆ. ಇದನ್ನು ನೀವು ವಿಚಾರಿಸಿದ ಇಬ್ಬರೂ ಹೇಳಿಲ್ಲ.

ನನ್ನ ತಂಗಿಯ ಮಗಳು ಇದೇ ತರದ ಬೆಚ್ಚಗಿನ ಊರಿನ ಇನ್ನೊಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಓದಿದಳು. ಹೋದ ಮೊದಲ ದಿನದಿಂದ ಅಮ್ಮನಿಗೆ ದಿನಾ ಒಂದು ಫೋಟೋ ಕಳಿಸುತ್ತಿದ್ದಳು. ಸೂರ್ಯ ಮುಳುಗುವುದು, ತಾಳೆಮರ, ಹುಲ್ಲಿನ ಮೇಲೆ ಬಿಟ್ಟ ಚಪ್ಪಲಿ, ಕಾಫಿ ಲೋಟ. ತಂಗಿ ಅದನ್ನು ಎಲ್ಲರಿಗೂ ತೋರಿಸಿ ಹಿಗ್ಗುತ್ತಿದ್ದಳು. ಒಂದು ಭಾನುವಾರ ನಾವಿಬ್ಬರೂ ಕೂತು ಫೋನಿನಲ್ಲಿ ಒಂದೊಂದೇ ಸರಿಸುತ್ತಿದ್ದೆವು. ಅವಳ ಬೆರಳು ನಿಂತಿತು. ‘ಅಕ್ಕಾ, ಇದರಲ್ಲಿ ಯಾರೂ ಇಲ್ಲ’ ಅಂದಳು. ಹಿಂದಕ್ಕೆ ಹೋಗಿ ನೋಡಿದೆವು. ಆರು ವಾರದ ಫೋಟೋಗಳು. ಒಂದರಲ್ಲೂ ಇನ್ನೊಂದು ಮುಖ ಇರಲಿಲ್ಲ. ಕಾಫಿ ಲೋಟ ಯಾವಾಗಲೂ ಒಂದೇ.

ಅವತ್ತು ರಾತ್ರಿ ತಂಗಿ ಫೋನ್ ಮಾಡಿದಾಗ ‘ಹೇಗಿದ್ದೀಯಾ’ ಅಂತ ಕೇಳಲಿಲ್ಲ. ‘ಮಂಗಳವಾರ ರಾತ್ರಿ ಯಾರ ಜೊತೆ ಊಟ ಮಾಡಿದೆ?’ ಅಂತ ಕೇಳಿದಳು. ಆ ಕಡೆಯಿಂದ ತುಂಬಾ ಹೊತ್ತು ಸದ್ದಿಲ್ಲ. ಆಮೇಲೆ ಅಳು. ಊಟವನ್ನು ಡಬ್ಬಿಗೆ ಹಾಕಿಸಿಕೊಂಡು ರೂಮಿನಲ್ಲಿ ತಿನ್ನುತ್ತಿದ್ದಳಂತೆ. ಎಲ್ಲರೂ ಬಿಸಿಲಲ್ಲಿ ಕೂತು ನಗುತ್ತಿರುವಾಗ ತನಗೊಬ್ಬಳಿಗೇ ಏನೋ ಕೆಟ್ಟುಹೋಗಿದೆ ಅಂತ ಅವಳಿಗೆ ಅನ್ನಿಸಿತ್ತು.

ಬೆಚ್ಚಗಿನ ಊರಿನ ಕಷ್ಟ ಇದು. ನಿಮ್ಮ ಮಿಶಿಗನ್‌ನಲ್ಲಿ ಜನವರಿ ಬಂದರೆ ಎಲ್ಲರ ಮುಖವೂ ಬಾಡಿರುತ್ತದೆ. ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರ ಜೊತೆ ಹಿಮವನ್ನು ಬೈದುಕೊಂಡೇ ಗೆಳೆತನ ಶುರುವಾಗುತ್ತದೆ. ಬೇಜಾರಾಗಿದೆ ಅನ್ನುವುದಕ್ಕೆ ಅಲ್ಲಿ ಒಂದು ನೆಪ ಇದೆ. ಮಿಯಾಮಿಯ ಜನವರಿಯಲ್ಲಿ ಹಗಲು 24 ಡಿಗ್ರಿ, ಆಕಾಶ ನೀಲಿ. ಅಲ್ಲಿ ಬೇಜಾರಾದ ಮಗುವಿಗೆ ಬೈಯಲು ಹವೆಯೂ ಸಿಗುವುದಿಲ್ಲ. ದೂರದ ಅಪ್ಪ-ಅಮ್ಮನಿಗೂ ಫೋಟೋ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ತಂಗಿಯ ಮಗಳು ಜನವರಿಯಲ್ಲಿ ದೋಣಿ ಹುಟ್ಟು ಹಾಕುವ ತಂಡ ಸೇರಿದಳು. ಬೆಳಗ್ಗೆ ಐದಕ್ಕೆ ಏಳಬೇಕು. ಯಾರಾದರೂ ಬಂದು ಬಾಗಿಲು ಬಡಿಯಲೇಬೇಕು. ಆ ಬಾಗಿಲು ಬಡಿದ ಹುಡುಗಿ ಇವತ್ತಿಗೂ ಅವಳ ಹತ್ತಿರದ ಗೆಳತಿ. ಆ ವರ್ಷ ಪೂರ್ತಿ ಚಳಿಗಾಲವಿಲ್ಲದೆ ನೀರಿನ ಮೇಲೆ ಇರುವ ಅವಕಾಶ ಅವಳಿಗೆ ಆ ಹವೆಯಿಂದಲೇ ಸಿಕ್ಕಿತು, ಅದನ್ನೂ ಹೇಳಬೇಕು. ಮಕ್ಕಳು ಅಲ್ಲಿ ಹೊರಗೆ ಓದುತ್ತಾರೆ, ಹೊರಗೆ ತಿನ್ನುತ್ತಾರೆ, ರಾತ್ರಿ ಹನ್ನೊಂದಕ್ಕೂ ಹುಲ್ಲಿನ ಮೇಲೆ ಕೂತಿರುತ್ತಾರೆ. ಜೊತೆ ಸಿಕ್ಕ ಮಗುವಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಇನ್ನೊಂದು ವಿಷಯ. ಫೀಸು ಕಟ್ಟುವುದು ನೀವಾದರೂ ಮಾರ್ಕ್ಸು ನಿಮಗೆ ತೋರಿಸಬೇಕಾಗಿಲ್ಲ. 1974ರ ಫೆರ್ಪಾ ಕಾನೂನಿನ ಪ್ರಕಾರ ಕಾಲೇಜು ಸೇರಿದ ವಿದ್ಯಾರ್ಥಿಯ ದಾಖಲೆ ವಿದ್ಯಾರ್ಥಿಯದ್ದೇ. ಅವಳು ಒಪ್ಪಿ ಸಹಿ ಮಾಡಿದರೆ ನಿಮಗೂ ನೋಡಲು ಸಿಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಮಾರ್ಕ್ಸಿಗೆ ಒತ್ತಾಯ ಮಾಡಬೇಡಿ. ಆಸ್ಪತ್ರೆಯ ಕಾಗದಕ್ಕೆ ಮಾತ್ರ ಒತ್ತಾಯ ಮಾಡಿ. 18 ತುಂಬಿದ ಮೇಲೆ ಅವಳು ಎಚ್ಚರ ತಪ್ಪಿ ಮಲಗಿದ್ದರೂ ಡಾಕ್ಟರು ನಿಮ್ಮ ಜೊತೆ ಫೋನಿನಲ್ಲಿ ಎಷ್ಟು ಮಾತಾಡಬಹುದು ಅನ್ನುವುದು ದೊಡ್ಡ ತಲೆನೋವು. ‘ನನ್ನ ಪರವಾಗಿ ಅಪ್ಪ-ಅಮ್ಮ ತೀರ್ಮಾನ ಮಾಡಬಹುದು’ ಅಂತ ಬರೆದುಕೊಡುವ ಕಾಗದವನ್ನು ಹೊರಡುವ ಮೊದಲೇ ಸಹಿ ಮಾಡಿಸಿ, ಒಂದು ಪ್ರತಿ ನಿಮ್ಮ ಫೋನಿನಲ್ಲಿ ಇರಲಿ.

ಖರ್ಚಿನ ಬಗ್ಗೆ ಸುತ್ತಿ ಬಳಸಿ ಹೇಳುವುದಿಲ್ಲ. ಫೀಸು, ಹಾಸ್ಟೆಲು, ಊಟ, ಓಡಾಟ ಎಲ್ಲ ಸೇರಿ ಅಲ್ಲಿ ವರ್ಷಕ್ಕೆ 90 ಸಾವಿರ ಡಾಲರ್ ದಾಟುತ್ತದೆ. ಖಾಸಗಿ ಆದ್ದರಿಂದ ಫ್ಲೋರಿಡಾದವರಿಗೂ ನಿಮಗೂ ಒಂದೇ ಫೀಸು. ಮಿಶಿಗನ್‌ನವರಾದ ನಿಮಗೆ ನಿಮ್ಮದೇ ರಾಜ್ಯದ ವಿಶ್ವವಿದ್ಯಾಲಯ ಅದರ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತದೆ. ಸ್ಕಾಲರ್‌ಶಿಪ್ ಕಳೆದು ನಿಮ್ಮ ಕೈಯಿಂದ ಎಷ್ಟು ಹೋಗುತ್ತದೆ ಅನ್ನುವ ಒಂದೇ ಅಂಕಿ ನೋಡಿ. ಅದನ್ನು ನಾಲ್ಕರಿಂದ ಗುಣಿಸಿ, ಮಗಳ ಮುಂದೆ ಇಡಿ. ಮನೆ ಅಡವಿಟ್ಟು ಕಳಿಸುವ ಹಾಗಿದ್ದರೆ ಕಳಿಸಬೇಡಿ. ಇದನ್ನು ನಾನು ತುಂಬಾ ಮನೆಗಳನ್ನು ನೋಡಿ ಹೇಳುತ್ತಿದ್ದೇನೆ. ಅಲ್ಲಿ ದುಬಾರಿ ಕಾರಿನಲ್ಲಿ ಓಡಾಡುವ ಮಕ್ಕಳೂ ಇರುತ್ತಾರೆ. ವಾರಾಂತ್ಯಕ್ಕೆ ಅವರು ಹೋಗುವ ಕಡೆ ನಿಮ್ಮ ಮಗಳಿಗೆ ಹೋಗಲಾಗದೆ ಇರಬಹುದು. ತಿಂಗಳ ಕೈಖರ್ಚು ಇಷ್ಟೇ ಅಂತ ಮೊದಲೇ ಹೇಳಿದರೆ ಅವಳಿಗೂ ಹಗುರ. ‘ಇವತ್ತು ಬರಲ್ಲ’ ಅನ್ನುವುದನ್ನು ಮೊದಲ ತಿಂಗಳಲ್ಲೇ ಕಲಿಯುತ್ತಾಳೆ.

ಆದರೆ ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ಸಮುದ್ರ ವಿಜ್ಞಾನ ಅನ್ನುವ ಪದ. ಹವೆ ನೋಡಿ ಹೋಗುವುದು ಬೇರೆ, ಆ ಕಡಲನ್ನೇ ಓದಲು ಹೋಗುವುದು ಬೇರೆ. ರಿಕನ್‌ಬ್ಯಾಕರ್ ಸೇತುವೆ ದಾಟಿದರೆ ವರ್ಜೀನಿಯಾ ಕೀ ಅನ್ನುವ ದ್ವೀಪ. ವಿಶ್ವವಿದ್ಯಾಲಯದ ಸಮುದ್ರ ವಿಜ್ಞಾನ ವಿಭಾಗವಾದ ರೋಸೆನ್‌ಸ್ಟೀಲ್ ಶಾಲೆ ಅಲ್ಲಿದೆ, 1943ರಲ್ಲಿ ಸಣ್ಣ ಪ್ರಯೋಗಶಾಲೆಯಾಗಿ ಶುರುವಾಗಿದ್ದು. ಹವಳದ ದಿಬ್ಬಗಳು ಅಲ್ಲಿಂದ ದೋಣಿಯ ದೂರದಲ್ಲೇ ಇವೆ. ಸರೋವರಗಳ ಪಕ್ಕ ಬೆಳೆದ ಹುಡುಗಿ ಹವಳ ಓದಬೇಕು ಅಂತ ಆಸೆ ಪಟ್ಟರೆ ಆ ಆಸೆಗೆ ಬೆಲೆ ಕೊಡಿ.

ಮೇ 1ರೊಳಗೆ ಉತ್ತರ ಹೇಳಬೇಕಲ್ವಾ? ಅಷ್ಟರಲ್ಲಿ ಒಂದು ಸಲ ಮಗಳನ್ನು ಕರೆದುಕೊಂಡು ಹೋಗಿ ಬನ್ನಿ. ಅವರು ನಡೆಸುವ ಟೂರ್ ಮುಗಿದ ಮೇಲೆ ನೀವು ಕೆರೆ ದಂಡೆಯ ಬೆಂಚಿನ ಮೇಲೆ ಕೂತುಬಿಡಿ. ಅವಳನ್ನು ಒಬ್ಬಳೇ ಊಟದ ಹಾಲ್‌ಗೆ ಕಳಿಸಿ. ತಟ್ಟೆ ಹಿಡಿದು ಗೊತ್ತಿಲ್ಲದ ಹುಡುಗಿಯರ ಮೇಜಿಗೆ ಹೋಗಿ ‘ಇಲ್ಲಿ ಕೂರಬಹುದಾ’ ಅಂತ ಕೇಳಿ ಬರಲಿ. ವಾಪಸ್ ಬಂದಾಗ ಅವಳ ಮುಖ ನೋಡಿ. ನಾನು ಹೇಳುವುದಕ್ಕಿಂತ ಜಾಸ್ತಿ ಅದು ಹೇಳುತ್ತದೆ. ಬ್ಯಾಗಿನಲ್ಲಿ ಒಂದು ಸ್ವೆಟರ್ ಇರಲಿ. ಹೊರಗೆ ಬೆವರಿಳಿಯುತ್ತಿದ್ದರೂ ಆ ಊರಿನ ಕಟ್ಟಡಗಳ ಒಳಗೆ ಎಸಿಯಿಂದ ಹಲ್ಲು ಕಡಿಯುವಷ್ಟು ಚಳಿ.

ಮತ್ತೆ, ಅವಳು ಅಲ್ಲಿಗೆ ಸೇರಿದರೆ ಅಕ್ಟೋಬರ್‌ನಲ್ಲಿ ನನಗೊಂದು ಪತ್ರ ಬರೆಯಿರಿ. ಮಂಗಳವಾರ ರಾತ್ರಿ ಅವಳು ಯಾರ ಜೊತೆ ಊಟ ಮಾಡಿದಳು ಅನ್ನುವುದು ಅದರಲ್ಲಿರಲಿ. ನಾನು ಕಾಯುತ್ತಿರುತ್ತೇನೆ.