ಲೀಸ್ ಮನೆ ಅವಧಿಗೆ ಮುಂಚೆ ಬಿಡೋಕೆ ಎಷ್ಟು ದಿನದ ನೋಟಿಸ್ ಕೊಡಬೇಕು?

ನೋಟಿಸ್ ವಿಷಯ ಆಮೇಲೆ ನೋಡೋಣ. ಮೂರು ವರ್ಷದ ಲೀಸ್‌ನಲ್ಲಿ ಒಂದೇ ವರ್ಷ ಮುಗಿದಿದೆ, ವರ್ಗ ಆಗಿದೆ, "ಖಾಲಿ ಮಾಡಿ ಕೀ ಕೊಟ್ಟು ಹೋಗ್ತೀನಿ, ದುಡ್ಡು ಆಮೇಲೆ ಹಾಕ್ತಾರಂತೆ" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಸುಮ್ಮನಿರೋಕಾಗಲಿಲ್ಲ. ದಯವಿಟ್ಟು ಕೀ ಕೊಡಬೇಡಿ.

ನಾನಿದ್ದದ್ದು ಶಿವಮೊಗ್ಗದ ವಿನೋಬನಗರದಲ್ಲಿ, ಮಹಡಿ ಮನೆ, ಐದು ಲಕ್ಷಕ್ಕೆ ಲೀಸ್, ಅಂದರೆ ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಆ ದುಡ್ಡು ವಾಪಸ್. ಬಳ್ಳಾರಿಗೆ ವರ್ಗ ಆಯ್ತು. ಮಾಲೀಕರು ಒಳ್ಳೆಯವರೇ, ಹಬ್ಬ ಬಂದರೆ ಕಡುಬು ಕೊಟ್ಟು ಕಳಿಸುತ್ತಿದ್ದರು. "ಹೊಸ ಪಾರ್ಟಿ ಬಂದ ತಕ್ಷಣ ಹಾಕ್ತೀನಿ, ಮನೆ ತೋರಿಸೋಕೆ ಕೀ ಬೇಕಲ್ಲ" ಅಂದರು. ನ್ಯಾಯವಾದ ಮಾತೇ ಅನ್ನಿಸಿ ಎರಡೂ ಕೀ ಕೊಟ್ಟೆ.

ತಪ್ಪಿದ್ದು ಅಲ್ಲೇ. ಬಾಡಿಗೆ ಮನೆ ಅಡ್ವಾನ್ಸ್ ಅಂದರೆ ಕೆಲವು ತಿಂಗಳ ಬಾಡಿಗೆಯಷ್ಟು ದುಡ್ಡು. ಲೀಸ್ ಹಾಗಲ್ಲ. ಹಿರಿಯರು ಭೋಗ್ಯ ಅನ್ನುತ್ತಿದ್ದದ್ದು ಇದನ್ನೇ, ದುಡ್ಡು ಅವರ ಹತ್ತಿರ, ಮನೆ ನಮ್ಮ ಹತ್ತಿರ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಸೆಕ್ಷನ್ ಕೂಡ ಭೋಗ್ಯದ ಅಡಮಾನದಲ್ಲಿ ಹಣ ತೀರುವವರೆಗೆ ಸ್ವಾಧೀನ ಹಣ ಕೊಟ್ಟವರದ್ದೇ ಅನ್ನುತ್ತದೆ. ಆದರೆ ಅಂಥ ಅಡಮಾನ ನೋಂದಣಿ ಆಗಿರಬೇಕು. ನಾವು ಮಾಡಿಸೋದು ಸ್ಟಾಂಪ್ ಪೇಪರ್ ಮೇಲೆ ಟೈಪ್, ಒಂದು ನೋಟರಿ ಸೀಲ್. ಹಾಗಾಗಿ ಕೈಯಲ್ಲಿರೋ ಗಟ್ಟಿ ಆಧಾರ ಮನೆಯ ಸ್ವಾಧೀನ ಒಂದೇ. ನಾವು ಕೊಟ್ಟ ಲಕ್ಷಗಳನ್ನು ಮಾಲೀಕರು ಬೀರುವಿನಲ್ಲಿ ಇಟ್ಟುಕೊಂಡಿರೋದಿಲ್ಲ. ಮಹಡಿ ಕಟ್ಟಿಸಿರುತ್ತಾರೆ, ಮಗಳ ಮದುವೆ ಮಾಡಿರುತ್ತಾರೆ. ಮುಂದಿನವರ ದುಡ್ಡು ಬಂದರೇನೇ ನಮಗೆ ಕೊಡೋದು. ಬಾಗಿಲಿಗೆ ನಮ್ಮ ಬೀಗ ಇದ್ದರೆ ಆ ಮುಂದಿನವರನ್ನು ಹುಡುಕೋ ತಲೆನೋವು ಅವರಿಗೂ ಇರುತ್ತೆ. ಕೀ ಕೊಟ್ಟ ಮೇಲೆ ಅವರು ನಿಶ್ಚಿಂತೆ, ಫೋನ್ ಮಾಡಿ ಮಾಡಿ ಸಾಯೋದು ನಾವು.

ನಾನು ಬಿಟ್ಟಿದ್ದು ಆಷಾಢಕ್ಕೆ ಸರಿಯಾಗಿ. ಆಷಾಢದಲ್ಲಿ ಯಾರು ಹಾಲುಕ್ಕಿಸ್ತಾರೆ? ಮನೆ ಆ ಮಳೆಯಲ್ಲೆಲ್ಲ ಮುಚ್ಚೇ ಇತ್ತು. ಶ್ರಾವಣದಲ್ಲಿ ಬಂದು ನೋಡಿದರೆ ರೂಮಿನ ಗೋಡೆ ತುಂಬ ಕಪ್ಪು ಬೂಷ್ಟು, ಕಿಟಕಿ ಕೆಳಗೆ ಸುಣ್ಣ ಹೊಪ್ಪಳೆ ಎದ್ದು ಉದುರಿತ್ತು. ಆ ಪೇಂಟಿಂಗ್ ಖರ್ಚನ್ನೂ ನನ್ನ ದುಡ್ಡಿನಲ್ಲೇ ಹಿಡಿದರು! ಉಳಿದದ್ದು ಕಂತು ಕಂತಾಗಿ ಬಂತು. ಅಷ್ಟರಲ್ಲಿ ಬಳ್ಳಾರಿ ಮನೆಯ ಅಡ್ವಾನ್ಸಿಗೆ ಹೆಂಡತಿಯ ಬಳೆ ಅಡ ಇಟ್ಟಾಗಿತ್ತು.

ನೋಟಿಸ್ ಎಷ್ಟು ದಿನ ಅಂದರೆ, ಕರಾರಿನಲ್ಲಿ ಬರೆದಷ್ಟು. ಬರಹದಲ್ಲೇ ಕೊಡಿ. ಆದರೆ ಮೂರು ವರ್ಷ ಅಂತ ಸಹಿ ಹಾಕಿ, ನಡುವೆ ಬಿಡೋ ಷರತ್ತು ಬರೆಸದೇ ಇದ್ದರೆ ಈಗಲೇ ದುಡ್ಡು ಕೊಡಿ ಅಂತ ಹಟ ಹಿಡಿಯೋಕೆ ಬರಲ್ಲ, ಒಪ್ಪಿಸಬೇಕು. ಅದಕ್ಕೆ ನೀವೇ ಪಾರ್ಟಿ ಹುಡುಕಿ. ನಿಮ್ಮ ಜಾಗಕ್ಕೆ ವರ್ಗ ಆಗಿ ಬರೋರನ್ನೇ ಮೊದಲು ಕೇಳಿ. ಸಂಸಾರ ಹೋಗಲಿ, ಮಂಚ, ಬೀರು ಇಲ್ಲೇ ಇರಲಿ. ಕೀ ನಂಬಿಕೆಯ ಸ್ನೇಹಿತರ ಹತ್ತಿರ ಇಡಿ, ಮನೆ ತೋರಿಸೋದು, ಬಿಸಿಲು ಬಂದ ದಿನ ಕಿಟಕಿ ತೆಗೆಯೋದು ಅವರೇ ಮಾಡಲಿ. ಮಾಲೀಕರಿಗೆ ಬೇಜಾರಾಗುತ್ತೆ ಅನ್ನೋ ಸಂಕೋಚ ಬೇಡ. ಹೊಸಬರು ದುಡ್ಡು ಕೊಡೋ ದಿನ ರಜೆ ಹಾಕಿಯಾದರೂ ಬನ್ನಿ. ಅವತ್ತೇ ಮಾಲೀಕರ ಖಾತೆಯಿಂದ ನಿಮ್ಮ ಖಾತೆಗೆ ಆರ್‌ಟಿಜಿಎಸ್ ಮಾಡಿಸಿ. ಬ್ಯಾಂಕಿನ ಮೆಸೇಜ್ ಬಂದ ಮೇಲೆ ಹಳೇ ಕರಾರಿನ ಹಿಂದೆ ಹಣ ಮುಟ್ಟಿದ್ದಕ್ಕೆ, ಮನೆ ಒಪ್ಪಿಸಿದ್ದಕ್ಕೆ ಇಬ್ಬರೂ ಸಹಿ ಹಾಕಿ, ಆಗ ಕೀ ಕೊಡಿ.